ಲಗ್ನಪತ್ರಿಕೆ ಹೊತ್ತು ಮೂರು ಮಹಾನಗರಗಳಿಗೆ

ಮಾರಿಕುಪ್ಪಂ ರೈಲುಹಳಿ ಮುಗಿದುಹೋಗುವ ಊರು. ಬಂಗಾರಪೇಟೆಯಲ್ಲಿ ಮದರಾಸಿನ ಮುಖ್ಯಮಾರ್ಗದಿಂದ ಅಗಲಿ, ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ಹಾದು, 1894ರಲ್ಲಿ ಕೆಜಿಎಫ್ ಎಂಬ ಕೋಲಾರದ ಚಿನ್ನದ ಗಣಿಗಳ ಪ್ರಯೋಜನಾರ್ಥವಾಗಿಯೇ ಹಾಕಲ್ಪಟ್ಟ ಆ ಕವಲುಹಳಿ ನಮ್ಮಲ್ಲಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಹೋಗಬೇಕೆನ್ನುವವನು ಮೊದಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ತರುವಾಯ ನಮ್ಮ ಜನರ ಜೀವನಕ್ರಮವೇ ಹೀಗಾಗಿಹೋಗಿದೆ. ಕೋಳಿ ಕೂಗುವ ಮುನ್ನ ಎದ್ದು, ಊಟದ ಡಬ್ಬಿಯನ್ನು ಚೀಲಕ್ಕೆ ಸೇರಿಸಿ, ಬೆಂಗಳೂರಿನ ಗಾಡಿ ಹಿಡಿದು, ಮನೆಯ ಮಕ್ಕಳು ಮಲಗಿದ ಮೇಲೆ ಮರಳುವ ಸಾವಿರಾರು ಮಂದಿಗೆ ಮಹಾನಗರವೆಂಬುದು ಪ್ರವಾಸದ ವಿಷಯವಲ್ಲ, ಪಾಳಿಯ ವಿಷಯ.

ಇಂಥ ಊರಿನಿಂದ ಹೊರಟು ಮದರಾಸು, ಹೈದರಾಬಾದು, ಮುಂಬಯಿಗಳನ್ನು ಒಂದೇ ಉಸಿರಿನಲ್ಲೆಂಬಂತೆ ಕಾರಿನಲ್ಲಿ ಸುತ್ತಿ ಬಂದೆವೆಂದರೆ, ಅದಕ್ಕೆ ದೇಶ ನೋಡುವ ಕುತೂಹಲವಂತೂ ಕಾರಣವಾಗಿರಲಿಲ್ಲ. ನನ್ನ ಬಾಲ್ಯಸ್ನೇಹಿತನ ಮಗಳ ಮದುವೆ ಗೊತ್ತಾಗಿತ್ತು. ಗಣಿ ನಡೆಯುತ್ತಿದ್ದ ಕಾಲದಲ್ಲಾಗಿದ್ದರೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಸಂಜೆಯೊಳಗಾಗಿ ಗಣಿ ಕಾರ್ಮಿಕರ ಸಾಲುಮನೆಗಳಾದ ನಾಲ್ಕು ಲೈನುಗಳನ್ನು ಸುತ್ತಿದ್ದರೆ ಅವನ ಬಂಧುವರ್ಗವೆಲ್ಲ ಮುಗಿದುಹೋಗುತ್ತಿತ್ತು. ಈಗ ಅವರೆಲ್ಲ ದಿಕ್ಕುದಿಕ್ಕಿಗೆ ಚದುರಿದ್ದಾರೆ. ಮೊಬೈಲಿನಲ್ಲಿ ಪತ್ರಿಕೆಯ ಚಿತ್ರ ಕಳಿಸಿದರೆ ಸಾಲದೇ ಎಂದು ನಾನು ಕೇಳಿದಾಗ, ಆತ ನನ್ನನ್ನು ಒಂದು ಬಗೆಯಾಗಿ ನೋಡಿ, "ಹಿರೀಕರ ಕೈಗೆ ತಟ್ಟೇಲಿಟ್ಟು ಕೊಡದೇ ಇದ್ರೆ ಅದು ಏನಕ್ಕೆ ಮೇಷ್ಟ್ರೇ? ಹತ್ತು, ಕಾರಲ್ಲಿ ಕೂತ್ಕೋ" ಎಂದುಬಿಟ್ಟ. ಒಂದೇ ಬೆಂಚಿನಲ್ಲಿ ಕುಳಿತು ಓದಿದವರು ನಾವು. ನಾನು ಕನ್ನಡದ ಉಪಾಧ್ಯಾಯನಾಗಿ ನಿವೃತ್ತನಾದಂದಿನಿಂದ ಅವನು ನನ್ನನ್ನು ಮೇಷ್ಟ್ರೇ ಎಂದು ಕರೆಯುವುದರಲ್ಲಿ ಅರ್ಧ ಗೌರವವೂ ಅರ್ಧ ಕುಚೋದ್ಯವೂ ಬೆರೆತಿರುತ್ತವೆ. ಮನೆಯಲ್ಲಿ ತಮಿಳು, ನನ್ನೊಡನೆ ಕೋಲಾರದ ಕನ್ನಡ, ಸಿಟ್ಟು ಬಂದಾಗ ಇಂಗ್ಲಿಷು: ನಮ್ಮೂರಿನ ಬಹುಮಂದಿಯ ಭಾಷಾವ್ಯವಸ್ಥೆಯೇ ಅವನದೂ.

ಆಂಡರ್ಸನ್‌ಪೇಟೆಯನ್ನು ಬಿಟ್ಟು ವೆಂಕಟಗಿರಿಕೋಟೆಯ ದಾರಿ ಹಿಡಿದರೆ, ಮಾತು ಕುದುರುವುದಕ್ಕೆ ಮೊದಲೇ ಕರ್ನಾಟಕ ಮುಗಿದು ಆಂಧ್ರ ಬರುತ್ತದೆ. ಆಂಧ್ರಕ್ಕೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಪೇರ್ಣಾಂಬಟ್ಟಿನ ಘಟ್ಟ ಇಳಿದು ತಮಿಳುನಾಡು ಸೇರಿರುತ್ತೇವೆ. ಘಟ್ಟದ ತಿರುವುಗಳಲ್ಲಿ ನನ್ನ ಗೆಳೆಯ ಮೌನವಾಗಿದ್ದು, ಕೆಳಗಿಳಿದ ಮೇಲೆ ಹೇಳಿದ: ಗುಡಿಯಾತ್ತಂ ಬಳಿಯ ಹಳ್ಳಿಯೊಂದರಿಂದ ಅವನ ಮುತ್ತಾತ ಗಣಿಯ ಕೂಲಿಗೆಂದು ನಡೆದುಬಂದದ್ದು ಇದೇ ದಾರಿಯಲ್ಲಿ, ಹೆಂಡತಿಯ ತಲೆಯ ಮೇಲೊಂದು ಗಂಟು, ತನ್ನ ಹೆಗಲ ಮೇಲೊಂದು ಮಗು. ಉತ್ತರ ಆರ್ಕಾಟಿನ ಬರದ ಹಳ್ಳಿಗಳಿಂದ ಹಾಗೆ ಬಂದವರ ಬೆವರಿನಿಂದಲೇ ಜಾನ್ ಟೇಲರ್ ಕಂಪನಿಯವರು 1880ರಿಂದೀಚೆಗೆ ನಮ್ಮ ನೆಲವನ್ನು ತೋಡಿಸಿದ್ದು. ಮುತ್ತಾತ ಬೆಟ್ಟವನ್ನು ಹತ್ತಿ ಬಂದ; ಮುಮ್ಮಗ ಕಾರಿನಲ್ಲಿ ಇಳಿಯುತ್ತಿದ್ದಾನೆ. ಇಳಿಯುವವನ ಮುಖದಲ್ಲಿ ಹೆಮ್ಮೆಯೇನೂ ಕಾಣಲಿಲ್ಲ.

ಆಂಬೂರಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳ ಘಾಟಿನ ನಡುವೆಯೂ ಹಸಿವು ಸಾಯಲಿಲ್ಲವೆಂಬುದು ಆ ಊರಿನ ಬಿರಿಯಾನಿಗೆ ಸಲ್ಲಬೇಕಾದ ಪ್ರಶಸ್ತಿ. ಜೀರಿಗೆ ಸಾಂಬಾ ಎಂಬ ಸಣ್ಣಕ್ಕಿಯ ಅನ್ನ, ಪಕ್ಕದಲ್ಲಿ ಹುಳಿ ಹಿಡಿದ ಬದನೆಕಾಯಿಯ ಗೊಜ್ಜು, ಈರುಳ್ಳಿ ಮೊಸರು. ಉಂಡ ಮೇಲೆ ಪಾಲಾರನ್ನು ನೋಡಿದೆವು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೇತಮಂಗಲದ ಕೆರೆಯಲ್ಲಿ ತಂಗಿ, ನಮ್ಮ ಗಣಿಗಳಿಗೂ ಗಂಟಲುಗಳಿಗೂ ನೀರೂಡಿದ ಆ ನದಿ ಇಲ್ಲಿ ಅಗಲವಾದ ಮರಳಿನ ಹಾಸಾಗಿ ಬಿದ್ದಿತ್ತು. ಎಮ್ಮೆಗಳು ನಡುವೆ ನಿಂತು ನೀರನ್ನು ನೆನಪಿಸಿಕೊಳ್ಳುತ್ತಿದ್ದವು. ಮೇಲಿನವರು ಕಟ್ಟೆ ಕಟ್ಟಿದರೆಂದು ಕೆಳಗಿನವರು ದೂರುತ್ತಾರೆ, ಮೇಲಿನವರಿಗೂ ನೀರಿಲ್ಲ. ಆ ವಾದದಲ್ಲಿ ತೀರ್ಪು ಕೊಡುವ ಅರ್ಹತೆ ನನಗಿಲ್ಲವಾದ್ದರಿಂದ ಕಾರು ಹತ್ತಿದೆ.

ಮದರಾಸಿನ ಪೆರಂಬೂರಿನಲ್ಲಿ ಅವನ ಸೋದರತ್ತೆಯ ಮನೆ. ನಮ್ಮೂರಿನ ಎತ್ತರದ ತಂಗಾಳಿಗೆ ಹೊಂದಿದ ಮೈಗೆ ಅಲ್ಲಿಯ ಸಮುದ್ರದ ಸೆಕೆ ಮೊದಲ ಕ್ಷಣದಲ್ಲೇ ಅಂಟಿಕೊಂಡಿತು. ಮುದುಕಿ ತಟ್ಟೆಯನ್ನು ಎರಡೂ ಕೈಗಳಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆ ಮೇಲೆ ಮದುವೆಯ ಮಾತನ್ನು ಬಿಟ್ಟು, ಮಾರಿಕುಪ್ಪದ ಯಾವ ಲೈನಿನಲ್ಲಿ ಯಾರು ಉಳಿದಿದ್ದಾರೆಂಬ ವಿಚಾರಣೆಗೆ ತೊಡಗಿದಳು. ಸಂಜೆ ತ್ಯಾಗರಾಯನಗರದ ಜನಸಾಗರದಲ್ಲಿ ನುಗ್ಗಿ ತಾಳಿ ಕೊಳ್ಳಲು ಹೋದೆವು. ಅಂಗಡಿಯ ಯುವಕ ಎಲ್ಲಿಂದ ಬಂದಿರಿ ಎಂದ. ಕೋಲಾರ್ ತಂಗವಯಲ್ ಎಂದು ಗೆಳೆಯ ಹೇಳಿದ. ಚಿನ್ನದ ಊರಿನವರು ಚಿನ್ನಕ್ಕಾಗಿ ನಮ್ಮಲ್ಲಿಗೆ ಬರುವುದೇ ಎಂದು ಆ ಯುವಕ ಸಹಜವಾಗಿ ನಕ್ಕಾಗ, ನನ್ನ ಗೆಳೆಯ, ಅಂಗಡಿಯ ಗದ್ದಲವನ್ನೂ ಲೆಕ್ಕಿಸದೆ, ನಿಧಾನವಾಗಿ ಇದ್ದದ್ದನ್ನು ಹೇಳಿದ: ತನ್ನ ತಂದೆ ಚಾಂಪಿಯನ್ ಗಣಿಯಲ್ಲಿ ಟಿಂಬರ್ ಕೆಲಸದವನಾಗಿದ್ದುದು; ಕುಸಿಯುವ ಬಂಡೆಗೆ ಮರದ ಊರೆ ಕೊಡುತ್ತಾ ಜೀವಮಾನ ಕಳೆದುದು; ಪಾಳಿ ಮುಗಿಸಿ ಮೇಲೆ ಬಂದಾಗ ತಪಾಸಣೆಗೆ ಮೈ ಒಡ್ಡಬೇಕಾಗಿದ್ದುದು; ಮನೆಯಲ್ಲಿ ಇದ್ದ ಏಕಮಾತ್ರ ಚಿನ್ನವಾದ ತಾಯಿಯ ತಾಳಿ ವರ್ಷದಲ್ಲಿ ಅರ್ಧಕಾಲ ರಾಬರ್ಟ್‌ಸನ್‌ಪೇಟೆಯ ಸೇಠುವಿನ ಬಳಿ ಗಿರವಿಯಲ್ಲಿರುತ್ತಿದ್ದುದು. ಯುವಕ ನಗು ನಿಲ್ಲಿಸಿ, ನಮಗಿಬ್ಬರಿಗೂ ತಂಪು ಪಾನೀಯ ತರಿಸಿಕೊಟ್ಟ. ಆ ಉತ್ತರ ನನಗೆ ಇಷ್ಟವಾಯಿತು. ಮರೀನಾದ ಮರಳಿನಲ್ಲಿ ಕುಳಿತು ತೆಂಗಿನತುರಿ ಮಾವಿನಕಾಯಿ ಹಾಕಿದ ಸುಂಡಲ್ ತಿನ್ನುತ್ತಿದ್ದಾಗಲೂ ಅದನ್ನೇ ನೆನೆಯುತ್ತಿದ್ದೆ. ಮುಂದೆ ಆ ಉತ್ತರ ಎಷ್ಟು ದೂರ ಹೋಗಲಿದೆಯೆಂಬುದು ಆಗ ತಿಳಿದಿರಲಿಲ್ಲ.

ನೆಲ್ಲೂರು, ಒಂಗೋಲು, ವಿಜಯವಾಡಗಳನ್ನು ಕುರಿತು ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವವನಿಗೆ ಊರುಗಳು ಹಸಿರು ಫಲಕದ ಮೇಲಿನ ಬಿಳಿಯ ಅಕ್ಷರಗಳಷ್ಟೆ. ತಾಳೆಮರಗಳು, ಮೆಣಸಿನಕಾಯಿ ತುಂಬಿದ ಲಾರಿಗಳು, ಆ ಬಳಿಕ ಬಯಲಿನ ಮಧ್ಯೆ ಹಠಾತ್ತಾಗಿ ಕೃಷ್ಣೆ. ಅಷ್ಟು ನೀರನ್ನು ಒಟ್ಟಿಗೆ ಕಂಡಾಗ ಕೋಲಾರದವನ ಮನಸ್ಸಿನಲ್ಲಿ ಏಳುವ ಭಾವನೆಗೆ ಆನಂದವೆಂದು ಹೆಸರಿಡಬೇಕೋ ಅಸೂಯೆಯೆಂದು ಹೆಸರಿಡಬೇಕೋ ನಿರ್ಧರಿಸಲಾರೆ.

ಹೈದರಾಬಾದಿನಲ್ಲಿ ಅವನ ಅಕ್ಕನ ಮಗ ಹತ್ತಾರು ಅಂತಸ್ತುಗಳ ಕಟ್ಟಡವೊಂದರಲ್ಲಿ ಮನೆಮಾಡಿದ್ದಾನೆ. ನಾವು ಬಂದ ಸುದ್ದಿ ಆ ಕಟ್ಟಡದ ಮಕ್ಕಳಿಗೆ ಹೇಗೆ ತಲುಪಿತೋ ಕಾಣೆ; ಊಟಕ್ಕೆ ಕೂರುವ ಮೊದಲೇ ಬಾಗಿಲಲ್ಲಿ ಒಂದು ಹಿಂಡು ನೆರೆದು, ಕೆಜಿಎಫ್ ಎಂದರೆ ರಾಕೀ ಭಾಯಿಯ ಊರೇ ಎಂದು ಕೇಳತೊಡಗಿತು. 2018ರಲ್ಲಿ ಆ ಹೆಸರಿನ ಚಲನಚಿತ್ರ ಬಂದಂದಿನಿಂದ ಈ ಪ್ರಶ್ನೆ ನಮಗೆ ಹೊಸದಲ್ಲ. ಗೆಳೆಯ ಮೊದಲು ತನ್ನ ತಂದೆಯ ವಿಚಾರ ತೆಗೆದ. ಮಕ್ಕಳ ಕಣ್ಣುಗಳು ಅತ್ತಿತ್ತ ಸರಿದವು. ಒಬ್ಬ ಹುಡುಗ, ಬಂದೂಕುಗಳಿದ್ದವೋ ಎಂದ. ಗೆಳೆಯ ನನ್ನತ್ತ ಒಮ್ಮೆ ನೋಡಿ, "ಇದ್ದವು" ಎಂದ. ಚಿನ್ನ ಸಾಗಿಸುವಾಗ ಕಾವಲಿಗೆ ಬಂದೂಕುಗಳಿದ್ದುದು ಸುಳ್ಳೇನಲ್ಲವಾದ್ದರಿಂದ ನಾನೂ ಸುಮ್ಮನಿದ್ದೆ. ಆದರೆ ಹುಡುಗ ಕೇಳಿದ್ದು ಆ ಬಂದೂಕುಗಳನ್ನಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಹೊರಡುವ ಮುನ್ನ ನಾನು ಹಟಮಾಡಿ ಅವನನ್ನು ಗಂಡಿಪೇಟೆಯ ಉಸ್ಮಾನ್ ಸಾಗರಕ್ಕೆ ಕರೆದೊಯ್ದೆ. ಚಾರ್ಮಿನಾರನ್ನು ಕಾರಿನ ಕಿಟಕಿಯಿಂದಲೇ ಮುಗಿಸಿದವರು ಕೆರೆಯ ಏರಿ ನೋಡಲು ಹೋದದ್ದು ವಿಪರೀತವೆನ್ನಿಸಬಹುದು. ನನಗೆ ಅದಕ್ಕೆ ಕಾರಣವಿತ್ತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಆ ನಗರದ ಸಾವಿರಾರು ಮಂದಿಯನ್ನು ಕೊಂಡೊಯ್ದ ತರುವಾಯ, ನಿಜಾಮರ ಸರ್ಕಾರ ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನು. ಅಂದಿನ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಮುದ್ದೇನಹಳ್ಳಿಯವರನ್ನು. ಅವರ ಸಲಹೆಯ ಫಲವೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೆಂಬ ಜೋಡಿ ಜಲಾಶಯಗಳು. ಏರಿಯ ಮೇಲೆ ನಿಂತು ನಾನು ಇದನ್ನೆಲ್ಲ ತರಗತಿಯ ಧಾಟಿಯಲ್ಲಿ ವರ್ಣಿಸಿ ಮುಗಿಸಿದಾಗ ಗೆಳೆಯ ಹೇಳಿದ್ದು ಇಷ್ಟೇ: "ಅವರ ಜಿಲ್ಲೇಲೇ ಸಾವಿರ ಅಡಿ ಬೋರ್ ಕೊರೆದ್ರೂ ನೀರಿಲ್ವಲ್ಲ ಮೇಷ್ಟ್ರೇ."

ಈ ಮಾತಿಗೆ ನಾನು ದಾರಿಯುದ್ದಕ್ಕೂ ಉತ್ತರ ಹುಡುಕಿದೆ. ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರಿಗೆ ಸಮೀಪವಾದ ದೂರವನ್ನು ತಂತಿಯ ಮೇಲೆ ಹಾದು ವಿದ್ಯುತ್ತು ನಮ್ಮ ಗಣಿಗಳಿಗೆ 1902ರಲ್ಲೇ ಬಂತು; ಬೆಂಗಳೂರಿನ ಬೀದಿಗಳು ಅದಕ್ಕಾಗಿ 1905ರವರೆಗೆ ಕಾದವು. ಒಂದು ಶತಮಾನ ಕಳೆದ ಮೇಲೆ, 2018ರಿಂದ, ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆರೆಗಳು ತುಂಬಿರುವುದು ಕಣ್ಣಿಗೆ ಹಿತವೆಂಬುದನ್ನು ಅಲ್ಲಗಳೆಯಲಾರೆ. ಆದರೂ ಮಹಾನಗರಕ್ಕಿಂತ ಮೊದಲೇ ನಗರವಾಗಿದ್ದ ಊರೊಂದು ಮಹಾನಗರದ ಬಚ್ಚಲಿನ ನೀರಿಗೆ ಕೈಯೊಡ್ಡಿ ನಿಂತಿದೆಯೆಂಬುದೂ ಸುಳ್ಳಲ್ಲ.

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆ ನಡುವೆ ಬೀದರ್ ಜಿಲ್ಲೆಯನ್ನು ಹಾದುಹೋಗುತ್ತದೆ. ಹುಮನಾಬಾದಿನ ಬಳಿ ಖಾನಾವಳಿಯೊಂದರಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಮ್ಮ ರಾಗಿಮುದ್ದೆಯ ಸೀಮೆಯವರಿಗೆ ರೊಟ್ಟಿಯನ್ನು ಮುರಿಯುವ ಕ್ರಮವೇ ಬೇರೆಯಾದರೂ ಹೊಟ್ಟೆಗೆ ಅಪರಿಚಯವಿರಲಿಲ್ಲ. ಬಡಿಸುತ್ತಿದ್ದ ಹೆಂಗಸು, "ಎಲ್ಲಿಂದ ಬಂದೀರಿ ಅಣ್ಣಾರ?" ಎಂದಾಗ, ಅನೇಕ ಗಂಟೆಗಳ ಬಳಿಕ ಕಿವಿಗೆ ಬಿದ್ದ ಕನ್ನಡದ ಉತ್ಸಾಹದಲ್ಲಿ ನಾನೇ ಮುಂದಾಗಿ ಕೋಲಾರವೆಂದೆ. "ಅದು ಬೆಂಗಳೂರ ಕಡೀಗೇನ್ರಿ?" ಎಂದು ಆಕೆ ಇನ್ನೊಂದು ರೊಟ್ಟಿ ಹಾಕಿದಳು. ಗೆಳೆಯನಿಗೆ ಈ ಪ್ರಸಂಗ ಬಹಳ ವಿನೋದವೆನ್ನಿಸಿತು. ತಮಿಳಿನ ಮದರಾಸಿನಲ್ಲಿ ಸೋದರತ್ತೆಗೆ ಲೈನಿನ ಮನೆಮನೆಯೂ ನೆನಪಿದೆ. ಕನ್ನಡದ ಬೀದರಿನಲ್ಲಿ ಜಿಲ್ಲೆಯೇ ಗೊತ್ತಿಲ್ಲ.

ಮುಂಬಯಿಯನ್ನು ನಾವು ಪ್ರವೇಶಿಸಿದೆವೆನ್ನುವುದಕ್ಕಿಂತ, ವಾಹನಗಳ ಪ್ರವಾಹ ನಮ್ಮನ್ನು ಒಳಕ್ಕೆ ತಳ್ಳಿತೆನ್ನುವುದು ಸರಿ. ಮಾಟುಂಗದ ಉಡುಪಿ ಊಟದಮನೆಯಲ್ಲಿ ಬಾಳೆಲೆಯ ಮುಂದೆ ಕುಳಿತಾಗ, ಸಾರು ಬೇಕೇ ಎಂದು ಕೇಳಿದ ಕರಾವಳಿಯ ಕನ್ನಡವೊಂದು ಆ ಗೊಂದಲದಲ್ಲಿ ನಮ್ಮನ್ನು ಸ್ವಸ್ಥಾನಕ್ಕೆ ತಂದಿತು. ಅಲ್ಲಿಂದ ಧಾರಾವಿ ದೂರವಿಲ್ಲ. ಗೆಳೆಯನ ಚಿಕ್ಕಪ್ಪ, ಗಣಿ ಮುಚ್ಚಿದ ಮೇಲೆ ಮಗನ ಬಳಿಗೆ ಬಂದು ನೆಲೆಸಿದ ಮುದುಕ, ಅಲ್ಲಿ ಓಣಿಯೊಂದರ ಮೇಲಂತಸ್ತಿನಲ್ಲಿದ್ದಾನೆ. ಏಣಿಯಂಥ ಮೆಟ್ಟಿಲುಗಳನ್ನು ಹತ್ತುವಾಗ ಗೆಳೆಯ, "ಗಿಫರ್ಡ್ ಶಾಫ್ಟಲ್ಲಿ ಇಳೀತಿದ್ದೋರು ಇಲ್ಲಿ ಹತ್ತಿ ಕೂತವ್ರೆ ನೋಡು" ಎಂದ.

ಮುದುಕನ ಕಣ್ಣುಗಳಿಗೆ ಪೊರೆ ಬಂದಿದ್ದರೂ ಕಿವಿ ಚುರುಕಾಗಿತ್ತು. ಪತ್ರಿಕೆಯನ್ನು ಬೆರಳುಗಳಿಂದ ತಡವಿ, ಅರಿಶಿನದ ಮೂಲೆಯನ್ನು ಮೂಸಿ ನೋಡಿ, ಪಕ್ಕಕ್ಕಿಟ್ಟುಕೊಂಡ. ಅಷ್ಟರಲ್ಲಿ ಮೊಮ್ಮಗನೂ ಅವನ ಸ್ನೇಹಿತರೂ ಬಂದು ನಮ್ಮನ್ನು ಸುತ್ತುವರಿದರು, ಪ್ರಶ್ನೆ ಅದೇ. 1965ರಲ್ಲಿ ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡಿನವರೊಡನೆ ನಮ್ಮ ಚಾಂಪಿಯನ್ ಗಣಿಯ ಆಳದಲ್ಲಿ, ವಾತಾವರಣದಿಂದ ಇಳಿದು ಭೂಮಿಯನ್ನೇ ತೂರಿಬರುವ ನ್ಯೂಟ್ರಿನೋ ಎಂಬ ಕಣದ ಸುಳಿವು ಹಿಡಿದದ್ದನ್ನು ನಾನು ಹೇಳಹೊರಟೆ. ಹುಡುಗರು ಸಭ್ಯರು, ಕೇಳುವಂತೆ ನಟಿಸಿದರು. ಆಗ ನನ್ನ ಗೆಳೆಯ ಗಂಟಲು ಸರಿಮಾಡಿಕೊಂಡು, ನಾನು ಎಂದೂ ಕೇಳಿರದ ಧ್ವನಿಯಲ್ಲಿ, ಹೇಳತೊಡಗಿದ: ಎತ್ತರದ ಗೋಡೆಗಳು, ಗೋಡೆಯ ಮೇಲೆ ಬಂದೂಕಿನವರು, ಒಳಗೆ ಹೋದವರು ಹೊರಗೆ ಬಾರದ ಗಣಿ, ಚಾವಟಿ, ಕತ್ತಲೆ, ಕೊನೆಗೆ ಸಿಡಿದೆದ್ದ ಒಬ್ಬ. ತಾನು ಚಿಕ್ಕವನಾಗಿದ್ದಾಗ ಕಣ್ಣಾರೆ ಕಂಡದ್ದೆಂದ. ಹುಡುಗರ ಬಾಯಿ ತೆರೆದೇ ಇತ್ತು. ಅವನ ಮುಖದಲ್ಲಿ, ಮದರಾಸಿನ ಅಂಗಡಿಯಲ್ಲಿ ಇಲ್ಲದಿದ್ದ ಒಂದು ಕಾಂತಿಯಿತ್ತು. ಇಡೀ ಪ್ರವಾಸದಲ್ಲಿ ಮೊದಲ ಬಾರಿಗೆ ಮಹಾನಗರ ಅವನ ಮಾತನ್ನು ಕಿವಿಗೊಟ್ಟು ಕೇಳುತ್ತಿತ್ತು.

ಮುಗಿದ ಮೇಲೆ ಮುದುಕ ಮೆಲ್ಲಗೆ ಕೇಳಿದ: "ಯಾವ ಗಣಿ ಅದು? ಚಾಂಪಿಯನ್ನೋ, ನಂದಿದುರ್ಗವೋ?"

ಯಾರೂ ಮಾತಾಡಲಿಲ್ಲ.

"ನಾನಿದ್ದಾಗ ಅಂಥದ್ದು ಇರಲಿಲ್ಲ. ಆಮೇಲೆ ತೆಗೆದಿರಬೇಕು" ಎಂದು ತಾನೇ ಸಮಾಧಾನ ಹೇಳಿಕೊಂಡು, ಸ್ವಲ್ಪ ಹೊತ್ತಿನ ತರುವಾಯ, ಒಂದು ಬಗೆಯ ಕಳವಳದಿಂದ, "ಅಲ್ಲಿ ಟಿಂಬರ್ ಕೆಲಸ ಯಾರದು?" ಎಂದ.

ಟಿಂಬರ್ ಕೆಲಸದವನ ಮಗ ತಲೆ ತಗ್ಗಿಸಿ ತಟ್ಟೆಯಲ್ಲಿದ್ದ ವೀಳ್ಯದೆಲೆಗಳನ್ನು ಜೋಡಿಸುತ್ತಿದ್ದ.

ಚಲನಚಿತ್ರವನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ನರಾಚಿ ಎಂಬ ಕಲ್ಪಿತ ಗಣಿಯನ್ನು ನಮ್ಮ ಸಯನೈಡ್ ದಿಬ್ಬಗಳ ಮೇಲೆ ಕಟ್ಟಿ ನಿಲ್ಲಿಸಿದವರು, ಇದು ಇತಿಹಾಸವೆಂದು ಪ್ರಮಾಣಮಾಡಿ ಹೇಳಿದವರಲ್ಲ. ನನ್ನನ್ನು ಕಾಡುತ್ತಿರುವುದು ಬೇರೆಯೇ. ಮೂರು ಕಿಲೋಮೀಟರಿಗೂ ಮಿಗಿಲಾದ ಆಳ, ಕೈಯಿಟ್ಟರೆ ಸುಡುವ ಬಂಡೆ, ಯಾವ ಮುನ್ಸೂಚನೆಯೂ ಇಲ್ಲದೆ ಭೂಗರ್ಭದಲ್ಲಿ ಸಿಡಿಯುತ್ತಿದ್ದ, ನಮ್ಮವರು ಏರ್ ಬ್ಲಾಸ್ಟ್ ಎನ್ನುತ್ತಿದ್ದ ಆ ಸ್ಫೋಟ, ಅದು ಕೇಳಿದೊಡನೆ ಶಾಫ್ಟಿನ ಬಾಗಿಲಿಗೆ ಓಡುತ್ತಿದ್ದ ಹೆಂಗಸರು: ಇವುಗಳಲ್ಲಿ ರೋಮಾಂಚಕ್ಕೆ ಏನು ಕೊರತೆ? ಒಂದು ಶತಮಾನಕ್ಕೂ ಹೆಚ್ಚು ಕಾಲ ಸುಮಾರು 800 ಟನ್ ಚಿನ್ನವನ್ನು ಹೊರಕ್ಕೆ ಕೊಟ್ಟ ಜನ ತಮ್ಮ ಕಥೆಯನ್ನು ಮಾತ್ರ ಹೊರಗಿನಿಂದ ತರಿಸಿಕೊಳ್ಳಬೇಕಾಯಿತೇ? ಇದರಲ್ಲಿ ನನ್ನಂಥ ಕನ್ನಡದ ಮೇಷ್ಟ್ರುಗಳ ಪಾಲೂ ಇದೆಯೆಂದು ಹೇಳಲೇಬೇಕು. ನಾವು ಲೈನುಗಳ ಮಕ್ಕಳಿಗೆ ಹಂಪೆಯ ವೈಭವವನ್ನು ಬಾಯಿಪಾಠ ಮಾಡಿಸಿದೆವೇ ಹೊರತು, ನಿನ್ನಪ್ಪ ಏನು ಕೆಲಸ ಮಾಡುತ್ತಾನೆ, ಬರೆ, ಎಂದು ಒಂದು ದಿನವೂ ಪ್ರಬಂಧಕ್ಕೆ ಕೊಡಲಿಲ್ಲ. ಹಾಗೆಂದು ಗೆಳೆಯನ ಸುಳ್ಳನ್ನು ಪೂರ್ತಿ ಕ್ಷಮಿಸಿಬಿಟ್ಟೆನೆಂದೂ ಅಲ್ಲ. ಅದನ್ನು ಹೇಳುವಾಗ ಅವನ ಮುಖದ ಮೇಲಿದ್ದ ಕಾಂತಿ ನಿಜವಾದದ್ದಾಗಿತ್ತು. ಅದಕ್ಕೆ ಏನು ಹೇಳುವುದು?

ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ. ಹಿಂದಿರುಗುವ ದಾರಿಯಲ್ಲಿ ಅವನು ಹೆಚ್ಚು ಮಾತಾಡಲಿಲ್ಲ. ಪತ್ರಿಕೆಗಳ ಕಟ್ಟು ಕರಗಿ ಹಿಂದಿನ ಆಸನ ಖಾಲಿಯಾಗಿತ್ತು. ಧಾರವಾಡದಲ್ಲಿ ಪೇಢೆ ಕೊಂಡದ್ದು, ರಾಣೆಬೆನ್ನೂರಿನ ಬಳಿ ಮಳೆ ಹಿಡಿದದ್ದು ಬಿಟ್ಟರೆ ಬರೆಯುವಂಥದ್ದು ನಡೆಯಲೂ ಇಲ್ಲ. ತುಮಕೂರು ಸಮೀಪಿಸುತ್ತಿದ್ದಾಗ ಚಹಾಕ್ಕೆಂದು ನಿಲ್ಲಿಸಿದೆವು. ಅಂಗಡಿಯವನು ಲೋಟ ತೊಳೆಯುತ್ತಾ, ಯಾವೂರು ಸಾರ್ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಗೆಳೆಯ, "ಬಂಗಾರಪೇಟೆ" ಎಂದುಬಿಟ್ಟ. ಪ್ರಶ್ನೆಗಳನ್ನು ತಪ್ಪಿಸಿಕೊಳ್ಳುವುದಕ್ಕೆ ಕೆಲವು ನಿಲ್ದಾಣ ಹಿಂದಕ್ಕೆ ಸರಿದು ನಿಂತನೆಂದು ನನಗನ್ನಿಸಿತು.

"ಓ, ಪಾನಿಪುರಿ ಊರು!" ಎಂದು ಅಂಗಡಿಯವನ ಮುಖವರಳಿತು. "ಆ ಪಾನಿ ಏನ್ ಸಾರ್, ಬಣ್ಣಾನೇ ಇಲ್ಲ, ಕುಡಿಯೋ ನೀರಿದ್ದಂಗೆ ಇರ್ತದೆ, ಬಾಯಿಗಿಟ್ರೆ ಕಣ್ಣಲ್ಲಿ ನೀರು. ಅದು ಹೆಂಗೆ ಮಾಡ್ತಾರೆ?"

ಮುಂಬಯಿ ಬಿಟ್ಟ ಮೇಲೆ ಮೊದಲ ಸಲ ನನ್ನ ಗೆಳೆಯ ನಕ್ಕ. ಚಹಾದ ಲೋಟವನ್ನು ಕೆಳಗಿಟ್ಟು, ಬೆಂಚಿನ ಮೇಲೆ ಕಾಲು ಮಡಚಿ ಕುಳಿತು, ಬಂಗಾರಪೇಟೆಯ ಯಾವ ಬೀದಿಯಲ್ಲಿ ಯಾವ ಗಾಡಿ ನಿಲ್ಲುತ್ತದೆ, ಪುದೀನ ಕೊತ್ತಂಬರಿಯ ಹಸಿರು ಹಾಕದೆ ಖಾರವನ್ನು ತಿಳಿನೀರಿನಲ್ಲಿ ಹೇಗೆ ಅಡಗಿಸುತ್ತಾರೆ, ಬೆಂಗಳೂರಿನಲ್ಲಿ ಅದೇ ಹೆಸರಿನ ಫಲಕ ಹಾಕಿಕೊಂಡವರ ಪಾನಿಗೂ ಅದಕ್ಕೂ ಏನು ವ್ಯತ್ಯಾಸ ಎಂಬುದನ್ನೆಲ್ಲ, ಒಂದಕ್ಷರ ಹೆಚ್ಚಿಲ್ಲದೆ ಒಂದಕ್ಷರ ಕಡಿಮೆಯಿಲ್ಲದೆ, ಸಾವಧಾನವಾಗಿ ವಿವರಿಸತೊಡಗಿದ. ನಾನು ಇನ್ನೊಂದು ಚಹಾ ಹೇಳಿದೆ.